ಶಮಾದಾನದ ಮೇಲಿನ ಗಂಡಭೇರುಂಡ

ಡಾಕ್ಟರ್ ಶೇಷಗಿರಿಗೂ ಶಿವಕ್ಕನಿಗೂ ಮೊದಲ ದಿನದಿಂದಲೇ ಎಣ್ಣೆ ಸೀಗೇಕಾಯಿ. 1973ರ ಸೆಪ್ಟೆಂಬರಿನ ಒಂದು ಮಂಗಳವಾರ, ಡೆಟ್ರಾಯಿಟಿನ ಪೂರ್ವಕ್ಕೆ ಸರೋವರದ ದಂಡೆಯಲ್ಲಿದ್ದ ಮಿಸೆಸ್ ಹಾಲ್ವರ್ಸನ್ ಅವರ ದೊಡ್ಡ ಮನೆಯಲ್ಲಿ, ಶೇಷಗಿರಿ ಅವಳ ಮುಂದೆ ಪರ್ಷಿಯಾದ ಹಳೆಯ ಬಟ್ಟಲೊಂದನ್ನು ಇಟ್ಟು ಕೈಕಟ್ಟಿ ನಿಂತರು.

"ನೋಡಿ ಮಿಸೆಸ್ ರೇವಣಪ್ಪ, ಕಂಡದ್ದನ್ನ ಹಾಗೇ ಚಿತ್ರ ಬರೆಯೋದು ನಿಮ್ಮ ಕೆಲಸ. ಅದರ ಅರ್ಥ ಏನು ಅಂತ ಹೇಳೋದು ನನ್ನ ಕೆಲಸ. ಇವೆರಡೂ ಕಲಸಿಹೋಗಬಾರದು."

"ಆಯ್ತ್ರಿ ಸರ್," ಅಂದಳು ಶಿವಕ್ಕ.

"ಆಯ್ತ್ರಿ." ಶೇಷಗಿರಿ ಆ ಮಾತನ್ನು ನಾಲಿಗೆಯ ಮೇಲಿಟ್ಟು ರುಚಿ ನೋಡಿದವರಂತೆ ಮುಖ ಕಿವುಚಿದರು. "ಅಮೆರಿಕಕ್ಕೆ ಬಂದು ಆರು ವರ್ಷ ಆಯ್ತಂತೆ. ಆದ್ರೂ ನಿಮ್ಮ ಕಡೆಯವರು ಆ ಗಡಿಸೀಮೆ ಭಾಷೆ ಬಿಡೋದಿಲ್ಲ ನೋಡಿ."

ಶಿವಕ್ಕ ಪೆನ್ಸಿಲು ಚೂಪು ಮಾಡತೊಡಗಿದಳು. ಬ್ಲೇಡನ್ನು ಅಗತ್ಯಕ್ಕಿಂತ ಒಂದೆರಡು ಸಲ ಹೆಚ್ಚಾಗಿಯೇ ಎಳೆದಳು.

ಶೇಷಗಿರಿ ಮೈಸೂರಿನವರು. ಷಿಕಾಗೋದ ಪಶ್ಚಿಮಕ್ಕೆ ಲಿಸ್ಲ್ ಊರಿನಲ್ಲಿ ಮನೆ, ಅಲ್ಲಿಗೆ ಹತ್ತಿರದ ಒಂದು ಕಾಲೇಜಿನಲ್ಲಿ ಕಲೆಯ ಇತಿಹಾಸದ ಪಾಠ. ಎಂಟು ನೂರು ವರ್ಷದ ಹಿಂದೆ ಪರ್ಷಿಯಾದ ಕುಂಬಾರರೂ ಕಂಚುಗಾರರೂ ತಮ್ಮ ಪಾತ್ರೆಗಳ ಮೇಲೆ ಬಿಡಿಸುತ್ತಿದ್ದ ಚಿತ್ತಾರಗಳ ಬಗ್ಗೆ ಅವರೊಂದು ಪುಸ್ತಕ ಬರೆಯುತ್ತಿದ್ದರು. ಅದಕ್ಕೆ ಆಧಾರವೆಲ್ಲ ಮಿಸೆಸ್ ಹಾಲ್ವರ್ಸನ್ ಅವರ ಗಂಡ ಜೀವಮಾನವಿಡೀ ಕೂಡಿಸಿದ್ದ ನೂರ ನಲವತ್ತು ವಸ್ತುಗಳು. ಕಾರಿನ ಬಾಗಿಲ ಹಿಡಿಗಳನ್ನು ಮಾಡಿ ದೊಡ್ಡವನಾಗಿದ್ದ ಆ ಮನುಷ್ಯ ತೀರಿಹೋಗಿ ಎರಡು ವರ್ಷವಾಗಿತ್ತು. ಹೊಳೆಯುವ ಬೆಳ್ಳಿಯ ಮೇಲೆ ಕ್ಯಾಮೆರಾ ಕುರುಡಾಗುತ್ತದೆ, ಪುಸ್ತಕ ಬಂದರೆ ಪ್ರತಿಯೊಂದಕ್ಕೂ ಕೈಚಿತ್ರವೇ ಇರಬೇಕು ಎಂದು ಅವನು ಹೇಳುತ್ತಿದ್ದನಂತೆ. ಹೆಂಡತಿ ಆ ಮಾತನ್ನು ಷರತ್ತು ಮಾಡಿದ್ದಳು. ಹಿಂದಿನ ವರ್ಷದ ದೀಪಾವಳಿಗೆ ಕನ್ನಡ ಕೂಟದ ನಾಟಕದ ಪರದೆಯ ಮೇಲೆ ಶಿವಕ್ಕ ಅಳತೆಪಟ್ಟಿಯೂ ಇಲ್ಲದೆ ಬಿಡಿಸಿದ ಬಳ್ಳಿಯನ್ನು ಶೇಷಗಿರಿ ನೋಡಿದ್ದರು. ಅಷ್ಟರಿಂದಲೇ ಕರೆದಿದ್ದರು. ಆ ಕೈ ಎಲ್ಲಿ ಪಳಗಿದ್ದು ಎಂದು ಕೇಳಿರಲಿಲ್ಲ. ಕೇಳದವರಿಗೆ ಹೇಳುವ ಹೆಣ್ಣಲ್ಲ ಅವಳು.

ಅದು ಪಳಗಿದ್ದು ಬೀದರಿನಲ್ಲಿ. ಅವಳಪ್ಪ ಬಿದರಿ ಕೆಲಸದವನು. ಎರಕ ಹೊಯ್ದು ಉಜ್ಜಿದ ಹೂಜಿಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿ, ಅದರ ಮೇಲೆ ಬರಿಗೈಯಲ್ಲಿ ಹೂವು ಬಳ್ಳಿ ಗೀಚಿ, ಗೀಚಿದ ಗೆರೆಯನ್ನು ಉಳಿಯಿಂದ ಕೊರೆದು, ಕೊರೆದಲ್ಲಿ ಬೆಳ್ಳಿ ಕೂರಿಸಿ ಬಡಿಯುವ ಕೆಲಸ. ಹತ್ತನೆಯ ವಯಸ್ಸಿಗೆ ಶಿವಕ್ಕ ಗೀಚುವುದನ್ನು ಕಲಿತಳು, ಹದಿಮೂರಕ್ಕೆ ಕೊರೆಯುವುದನ್ನು. ಅಂಟು ಹಾಕಬಾರದು, ಬೆಸುಗೆ ಹಾಕಬಾರದು, ಲೋಹವೇ ಲೋಹವನ್ನು ಕಚ್ಚಿ ಹಿಡಿಯಬೇಕು ಎಂದು ಅಪ್ಪ ಹೇಳುತ್ತಿದ್ದ. ಗೆರೆಯ ಅಂಚನ್ನು ಉಳಿಯಿಂದ ಸ್ವಲ್ಪ ಒಳಸೇರಿಸಿ ಕೊರೆದರೆ ಬಡಿದ ಬೆಳ್ಳಿ ಆ ಅಂಚಿನ ಕೆಳಗೆ ಹೋಗಿ ಕೂರುತ್ತದೆ. ಮತ್ತೆ ನೂರು ವರ್ಷ ಏಳುವುದಿಲ್ಲ.

ಆದ್ದರಿಂದ ಮಿಸೆಸ್ ಹಾಲ್ವರ್ಸನ್ ಅವರ ಕಪಾಟಿನ ಹಿತ್ತಾಳೆ ಹೂಜಿಗಳು ಅವಳಿಗೆ ಹೊಸಬರಾಗಿರಲಿಲ್ಲ. ವಾರಕ್ಕೆ ಮೂರು ದಿನ, ಮಗಳು ಮಂಜರಿಯನ್ನು ಶಾಲೆಗೆ ಬಿಟ್ಟು, ತಾವಿದ್ದ ಪ್ಲಿಮತ್‌ನಿಂದ ಮೂವತ್ತೈದು ಮೈಲಿ ಡ್ರೈವ್ ಮಾಡಿಕೊಂಡು ಬಂದು ಅವಳು ಬರೆದಳು. ನಿಶಾಪುರದ ಬಿಳಿ ಬಟ್ಟಲಿನ ಅಂಚಿಗೆ ಬೇಲಿಯಂತೆ ಸಾಲಾಗಿ ನಿಂತ ಕಪ್ಪು ಅಕ್ಷರಗಳು. ಕಾಶಾನಿನ ತಟ್ಟೆಯ ಮೇಲೆ ಮೀನಿನ ಕೊಳದ ಬದಿ ಕೂತ ಚಂದ್ರಮುಖದ ಗೆಳೆಯರು. ಹೆಣ್ಣಿನ ಮೋರೆಯ ಸಿಂಹಗಳು. ಖುರಾಸಾನದ ಹೂಜಿಯ ಕುತ್ತಿಗೆಗೆ ಒಂದರ ಬೆನ್ನು ಹತ್ತಿ ಒಂದು ಓಡುವ ಮೊಲ, ನಾಯಿ, ಮೊಲ, ನಾಯಿ. ಒಡೆಯನಿಗೆ ಆಯುಷ್ಯ ಸಿರಿ ಸಿಗಲಿ ಎಂಬ ಹರಕೆಯನ್ನು ಬರೆದಿದ್ದ ಅಕ್ಷರಗಳ ತುದಿಯಲ್ಲಿ ಮನುಷ್ಯರ ಸಣ್ಣ ತಲೆಗಳು, ಅಕ್ಷರವೇ ತಿರುಗಿ ಪಕ್ಕದ ಅಕ್ಷರದೊಡನೆ ಮಾತಾಡುವಂತೆ. ಆ ತಲೆಗಳನ್ನು ಬರೆಯುವಾಗ ಅವಳು ಊಟ ಮರೆಯುತ್ತಿದ್ದಳು.

ಶೇಷಗಿರಿ ಹದಿನೈದು ದಿನಕ್ಕೊಮ್ಮೆ ಬಂದು ಹಾಳೆಗಳನ್ನು ತಿರುವುತ್ತಿದ್ದರು. ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಲಿಲ್ಲ. ತಪ್ಪು ಸಿಗದ ದಿನ ಹಾಳೆಯ ಮೂಲೆಯಲ್ಲಿ ಬೆರಳಿನ ಗುರುತಿದೆ ಅನ್ನುತ್ತಿದ್ದರು. ಮಿಸೆಸ್ ಹಾಲ್ವರ್ಸನ್ ಎದುರಿಗಿದ್ದರೆ, "ನನ್ನ ಹುಡುಗಿ ಇದನ್ನು ನಾಳೆ ಸರಿ ಮಾಡುತ್ತಾಳೆ" ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಶಿವಕ್ಕನಿಗೆ ಆಗ ಮೂವತ್ತಾರು ವರ್ಷ.

ಜನವರಿ ಎರಡನೆಯ ವಾರದಲ್ಲಿ ಶಮಾದಾನದ ಸರದಿ ಬಂತು. ಶಮಾದಾನವೆಂದರೆ ಮೇಣದಬತ್ತಿ ನಿಲ್ಲಿಸುವ ಕಂಬ. ಬೀದರಿನಲ್ಲಿ ಈಗಲೂ ಹಾಗೇ ಅನ್ನುತ್ತಾರೆ. ನ್ಯೂಯಾರ್ಕಿನ ಒಬ್ಬ ವ್ಯಾಪಾರಿಯಿಂದ ಕೊಂಡ ಇದು ಖುರಾಸಾನದ್ದು, ಹಿತ್ತಾಳೆಯದು, ನೆಲಕ್ಕಿಟ್ಟ ದೇವಸ್ಥಾನದ ಗಂಟೆಯ ಆಕಾರ, ಅಷ್ಟೇ ದೊಡ್ಡದು. ಮೈತುಂಬ ಬೆಳ್ಳಿಯ ಬಳ್ಳಿ, ಬಳ್ಳಿಯ ನಡುವೆ ಒಂದು ಕಡೆ ಅಂಗೈಯಗಲದ ದುಂಡು ಚೌಕಟ್ಟು, ಅದರೊಳಗೆ ಎರಡು ತಲೆಯ ಹಕ್ಕಿ. ಎರಡು ಕೊಕ್ಕಿನಲ್ಲಿ ಎರಡು ಆನೆ, ಉಗುರಿನಲ್ಲಿ ಇನ್ನೆರಡು.

ಇದೇ ಶೇಷಗಿರಿಯವರ ಪ್ರಾಣ. ಎರಡು ತಲೆಯ ಹದ್ದು ಪರ್ಷಿಯಾದಲ್ಲಿ ಬೇಕಾದಷ್ಟಿದೆ. ಆದರೆ ಆನೆಗಳನ್ನು ಕಚ್ಚಿ ಹಿಡಿದದ್ದು ನಮ್ಮ ಗಂಡಭೇರುಂಡ ಮಾತ್ರ ಎಂಬುದು ಅವರ ವಾದ. ಅಂದಮೇಲೆ ಎಂಟು ನೂರು ವರ್ಷದ ಹಿಂದೆ ಕನ್ನಡ ನಾಡಿನ ಕಸುಬುದಾರನೊಬ್ಬ ಖುರಾಸಾನಕ್ಕೆ ಹೋಗಿ ಕೆಲಸ ಮಾಡಿರಲೇಬೇಕು. ಅಂಥ ಹಕ್ಕಿ ಪರ್ಷಿಯಾದಲ್ಲೂ ಸಿಕ್ಕೇ ಸಿಗುತ್ತದೆಂದು ಹಿಂದೆಯೇ ಲೇಖನ ಬರೆದಿದ್ದ ಅವರು ಈ ಮಾತನ್ನು ಷಿಕಾಗೋದಲ್ಲೂ ಡೆಟ್ರಾಯಿಟಿನಲ್ಲೂ ಕನ್ನಡ ಕೂಟಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಕೂಟದ ಯುಗಾದಿ ಸಂಚಿಕೆಯ ಮುಖಪುಟಕ್ಕೆ ಆ ಹಕ್ಕಿಯೇ ಬರಬೇಕೆಂದು ತೀರ್ಮಾನವಾಗಿತ್ತು.

ಶಿವಕ್ಕ ಮೊದಲ ದಿನ ಬಳ್ಳಿ ಬರೆದಳು. ಎರಡನೆಯ ದಿನ ಹಕ್ಕಿಗೆ ಬಂದಾಗ ಕೈ ನಿಂತಿತು. ಬಳ್ಳಿಯ ಒಂದು ಕುಡಿ ಚೌಕಟ್ಟಿನ ಕೆಳಗೆ ನುಗ್ಗಿ, ಹಕ್ಕಿಯ ರೆಕ್ಕೆಯಡಿ ಮಾಯವಾಗಿ, ಆಚೆ ಕಡೆ ಏಳಲೇ ಇಲ್ಲ. ಯಾವ ಕಸುಬುದಾರನೂ ಬಳ್ಳಿಯನ್ನು ಹಾಗೆ ಕೊಲ್ಲುವುದಿಲ್ಲ. ಅವಳು ಭೂತಗನ್ನಡಿ ಹಿಡಿದಳು. ಬಳ್ಳಿಯ ಬೆಳ್ಳಿ ಉಬ್ಬಿದ ಕಡೆಯೆಲ್ಲ ಸವೆದಿತ್ತು, ಎಷ್ಟೋ ತಲೆಮಾರಿನ ಕೈಗಳು ಎತ್ತಿಟ್ಟು ಒರೆಸಿದ ಹಾಗೆ. ಹಕ್ಕಿಯ ಬೆಳ್ಳಿ ಎಲ್ಲ ಕಡೆಯೂ ಒಂದೇ ಸಮ. ಒಂದು ಉಗುರಿನಲ್ಲಿ ಮಾತ್ರ ಬೆಳ್ಳಿ ಎದ್ದುಹೋಗಿ ತೋಡು ಕಾಣುತ್ತಿತ್ತು. ಆ ತೋಡಿನ ಅಂಚು ಒಳಸೇರಿರಲಿಲ್ಲ. ಕಚ್ಚಿ ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ತಳದಲ್ಲಿ ಹಳದಿ ಅಂಟಿನ ಚೂರು.

ಮರುದಿನ ಅವಳು ಮಂಜರಿಯ ಆಟದ ಜೇಡಿಮಣ್ಣನ್ನು ಚೀಲದಲ್ಲಿ ತಂದು, ಆ ತೋಡಿಗೆ ಮೆಲ್ಲಗೆ ಒತ್ತಿ ಅಚ್ಚು ತೆಗೆದಳು. ಮಾಡಬಾರದ ಕೆಲಸವೆಂದು ಗೊತ್ತಿತ್ತು. ಮಿಸೆಸ್ ಹಾಲ್ವರ್ಸನ್ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದರು.

ಗಂಡ ರೇವಣಪ್ಪ ಕಾರಿನ ಬಿಡಿಭಾಗಗಳ ಅಚ್ಚು ಮಾಡುವ ಕಂಪನಿಯಲ್ಲಿ ಎಂಜಿನಿಯರು. ಸಂಜೆ ಅವನು ಬೂಟು ಬಿಚ್ಚುವಷ್ಟರಲ್ಲಿ ಅವಳು ಜೇಡಿಯ ತುಂಡನ್ನೂ ಭೂತಗನ್ನಡಿಯನ್ನೂ ಅವನ ಕೈಗೆ ಕೊಟ್ಟಳು.

"ಇದು ಯಾತರ ಗುರುತು ಹೇಳ್ರಿ."

ರೇವಣಪ್ಪ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ತಿರುಗೋ ಕಟ್ಟರ್. ಸಣ್ಣದು. ಕೈ ಗಟ್ಟಿ ಇಲ್ಲದಾಂವ ಹಿಡದಾನ, ನೋಡು, ಇಲ್ಲಿ ನಡುಗೇದ. ನಮ್ಮ ಶಾಪಿನಾಗ ಹೊಸಾ ಹುಡುಗ್ರು ಹಿಂಗೇ ಮಾಡ್ತಾರ."

"ಉಳಿ ಅಲ್ಲ?"

"ಉಳಿ ಹಿಂಗ ಸಾಲು ಸಾಲು ಕಮಾನು ಬಿಡಂಗಿಲ್ಲ. ಇದಕ ಕರೆಂಟ್ ಬೇಕು." ಅಷ್ಟು ಹೇಳಿ ಅವನು ಹೆಂಡತಿಯ ಮುಖ ನೋಡಿದ. "ಎಲ್ಲಿಂದ ತಂದಿ ಇದನ್ನ?"

ಅವಳು ಹೇಳಿದಳು. ರೇವಣಪ್ಪ ಜೇಡಿಯನ್ನು ಮೇಜಿನ ಮೇಲಿಟ್ಟು, ಅದು ಸುಡುತ್ತದೆ ಎನ್ನುವಂತೆ ಕೈ ಹಿಂದಕ್ಕೆಳೆದುಕೊಂಡ.

"ಸುಮ್ಮ ಇದ್ದುಬಿಡು," ಅಂದ. "ಅವ್ರು ಏನ್ ಕಂಡಾರೋ ಅದನ್ನ ಬರಿ, ಕೊಡು, ಮನೀಗಿ ಬಾ."

ಅವಳು ಸುಮ್ಮನಿರಲಿಲ್ಲ, ಆದರೆ ಕೆಟ್ಟತನವನ್ನೂ ಮಾಡಲಿಲ್ಲ. ರಿಪೇರಿಯಾದ ಭಾಗವನ್ನು ಚುಕ್ಕಿಯಲ್ಲಿ ತೋರಿಸುವುದು ಆ ಕೆಲಸದ ಪದ್ಧತಿ, ಶೇಷಗಿರಿಯವರೇ ಕಲಿಸಿದ್ದು. ಅವಳು ಬಳ್ಳಿಯನ್ನು ಗೆರೆಯಲ್ಲಿ, ಹಕ್ಕಿಯನ್ನು ಪೂರ್ತಿ ಚುಕ್ಕಿಯಲ್ಲಿ ಬರೆದು ಮೇಜಿನ ಮೇಲಿಟ್ಟಳು.

ಮುಂದಿನ ಸಲ ಬಂದಾಗ ಶೇಷಗಿರಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಕಿವಿಯ ತುದಿ ಕೆಂಪಾಯಿತು.

"ಏನಿದು?"

"ಹಕ್ಕಿ ಹೊಸಾದದ ಸರ್. ಶಮಾದಾನ ಖರೇನೇ ಹಳೇದು. ಹಕ್ಕಿ ಯಾರೋ ಈಗಿತ್ಲಾಗ ಕೊರದು ಕೂಡ್ಸ್ಯಾರ. ಮಷಿನ್ನಿನ ಕೊರೆತ ಅದು. ಅಡ್ಯಾಗ ಅಂಟು ಅದ."

"ನಿಮಗ್ಯಾರು ಹೇಳಿದ್ರು?"

"ನನಗ ಕಾಣ್ತದ್ರಿ. ನಮ್ಮಪ್ಪ ಬಿದರಿ ಕೆಲಸದಾಂವ. ನಾನೂ ಮಾಡೀನಿ."

ಶೇಷಗಿರಿ ನಕ್ಕರು. ಅದು ಜೋರು ನಗೆಯಾಗಿರಲಿಲ್ಲ. "ಹಾಗನ್ನಿ. ಬಜಾರಿನಲ್ಲಿ ಹುಕ್ಕದ ಬುಡ, ವೀಳ್ಯದ ಡಬ್ಬಿ ಮಾಡಿ ಟೂರಿಸ್ಟ್‌ಗಳಿಗೆ ಮಾರೋರ ಮಗಳು. ನಾನು ಈ ವಿಷಯ ಇಪ್ಪತ್ತೆರಡು ವರ್ಷ ಓದಿದೀನಿ ಮಿಸೆಸ್ ರೇವಣಪ್ಪ. ಒಬ್ಬ ಕಮ್ಮಾರ ನನಗೆ ಪರ್ಷಿಯಾ ಹೇಳಿಕೊಡೋ ಕಾಲ ಇನ್ನೂ ಬಂದಿಲ್ಲ. ಚುಕ್ಕಿ ತೆಗೆದು ಗೆರೆ ಹಾಕಿ."

"ಹಾಕಂಗಿಲ್ರಿ."

"ಏನಂದ್ರಿ?"

"ಕಂಡದ್ದು ಬರಿ ಅಂದಿದ್ರಿ. ಕಂಡದ್ದು ಬರ್ದೀನಿ."

ಅವರು ಹಾಳೆಯನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡರು. ನಾಳೆಯಿಂದ ಬರುವುದು ಬೇಡ ಎಂದರು. ಬಾಗಿಲಲ್ಲಿ ಮಿಸೆಸ್ ಹಾಲ್ವರ್ಸನ್ ಸಿಕ್ಕಾಗ, ಹುಡುಗಿಗೆ ಮನೆಯ ತೊಂದರೆಯಂತೆ, ನಿಲ್ಲಿಸುತ್ತಾಳಂತೆ ಎಂದು ನಗುನಗುತ್ತಲೇ ಹೇಳಿದರು. ಶಿವಕ್ಕ ಅಲ್ಲೇ ನಿಂತು ಕೇಳಿಸಿಕೊಂಡಳು. ಆ ಒಂದು ಗಳಿಗೆಯ ಮೌನಕ್ಕಾಗಿ ಆಮೇಲೆ ಅವಳು ತನ್ನನ್ನೇ ಎಷ್ಟೋ ಸಲ ಬೈದುಕೊಂಡಳು. ಅಲ್ಲಿಯವರೆಗೆ ಮುಗಿದಿದ್ದ ಎಂಬತ್ತಾರು ಚಿತ್ರಗಳು ಮಾತ್ರ, ಶಾಯಿ ತಿದ್ದಲೆಂದು ತಂದಿದ್ದರಿಂದ, ಪ್ಲಿಮತ್ತಿನ ಮನೆಯಲ್ಲೇ ಉಳಿದವು.

ಅವಳು ಯಾರಿಗೂ ಹೇಳುವ ಮೊದಲೇ ಸುದ್ದಿ ಶೇಷಗಿರಿಯವರ ಬಾಯಿಂದ ಊರೂರು ಸುತ್ತಿತ್ತು. ಫೆಬ್ರವರಿಯಲ್ಲಿ ಶೇಷಗಿರಿಯವರ ಹೆಂಡತಿ ಪದ್ಮ ಲಿಸ್ಲ್‌ನಿಂದ ಫೋನ್ ಮಾಡಿದರು. ದನಿ ತಣ್ಣಗಿತ್ತು.

"ನಮ್ಮೋರ ಮೇಲೆ ಏನೇನೋ ಮಾತಾಡ್ತಿದೀರಂತಲ್ಲ."

"ಅವ್ರ ಮ್ಯಾಲಲ್ರಿ ಅಕ್ಕಾರೆ, ಹಕ್ಕಿ ಮ್ಯಾಲ."

"ನಾನು ನಿಮಗೆ ಅಕ್ಕ ಅಲ್ಲ. ಕನ್ನಡದವರಿಗೆ ಒಂದು ಹೆಸರು ಬರ್ತಿದೆ, ಅದನ್ನ ನಮ್ಮವರೇ ಕೆಡಿಸ್ತಾರೆ ಅಂದ್ರೆ ಏನು ಹೇಳೋಣ." ಫೋನು ಇಟ್ಟುಬಿಟ್ಟರು.

ಡೆಟ್ರಾಯಿಟ್ ಬಳಿಯ ಟ್ರಾಯ್‌ನ ಗೆಳತಿಯರು ಅರಿಸಿನ ಕುಂಕುಮಕ್ಕೆ ಕರೆಯುವುದನ್ನು ನಿಲ್ಲಿಸಿದರು. ಅಂಗಡಿಯಲ್ಲಿ ಎದುರಾದವರು ಅಕ್ಕಿಯ ಚೀಲದ ಮೇಲಿನ ಅಕ್ಷರ ಓದತೊಡಗುತ್ತಿದ್ದರು.

ಯುಗಾದಿಯ ಕಾರ್ಯಕ್ರಮ ಟ್ರಾಯ್‌ನ ಒಂದು ಶಾಲೆಯ ಹಾಲಿನಲ್ಲಿತ್ತು. ಹೊರಗೆ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್, ಹಳೆಯ ಹಿಮ ಕಪ್ಪಗೆ ಗಟ್ಟಿಯಾಗಿತ್ತು. ಹೋಗುವುದು ಬೇಡವೆಂದು ರೇವಣಪ್ಪ ಅಂದರೂ ಅವಳು ಇಳಕಲ್ ಸೀರೆ ಉಟ್ಟು ಹೊರಟಳು. ಬೇವು ಬೆಲ್ಲವಾಯಿತು, ಮಕ್ಕಳ ಹಾಡಾಯಿತು. ಆಮೇಲೆ ಶೇಷಗಿರಿಯವರ ಭಾಷಣ. ಪರದೆಯ ಮೇಲೆ ಹಕ್ಕಿ ಮೂಡಿದಾಗ ನೂರೈವತ್ತು ಜನ ಒಟ್ಟಿಗೆ ಉಸಿರೆಳೆದರು. ನಮ್ಮ ಪೂರ್ವಿಕನ ಕೈ, ಅಂದರು ಶೇಷಗಿರಿ. ಚಪ್ಪಾಳೆ ನಿಂತಮೇಲೆ ಯಾರಿಗಾದರೂ ಪ್ರಶ್ನೆಯಿದೆಯೇ ಎಂದು ಕೇಳಿದರು.

ಶಿವಕ್ಕ ಎದ್ದಳು. ರೇವಣಪ್ಪ ಅವಳ ಸೆರಗನ್ನು ಹಿಡಿದದ್ದು ಅವಳಿಗೆ ಗೊತ್ತಾಯಿತು. ಬಿಡಿಸಿಕೊಂಡಳು.

"ಸರ್, ಆನೆ ಹಿಡದ ಹಕ್ಕಿ ಪರ್ಷಿಯಾದಾಗ ಸಿಕ್ಕೇ ಸಿಗ್ತದ ಅಂತ ನೀವು ಲೇಖನ ಬರ್ದದ್ದು ಯಾವ ವರ್ಷ?"

ಶೇಷಗಿರಿ ಕನ್ನಡಕ ಸರಿಮಾಡಿಕೊಂಡರು. "ಅರವತ್ತಾರು."

"ಈ ಶಮಾದಾನ ನ್ಯೂಯಾರ್ಕಿನ ವ್ಯಾಪಾರಿ ಕಡಿಂದ ಬಂದದ್ದು?"

"ಅರವತ್ತೊಂಬತ್ತು. ಅದಕ್ಕೇನೀಗ?"

"ಮೊದಲು ಲೇಖನ, ಆಮ್ಯಾಲ ಹಕ್ಕಿ. ಆ ವ್ಯಾಪಾರಿ ನಿಮ್ಮ ಲೇಖನ ಓದಿದ್ನೇನ್ರಿ?"

ಶೇಷಗಿರಿ ಅವಳಿಂದ ಮುಖ ತಿರುಗಿಸಿ ಸಭೆಗೆ ಹೇಳಿದರು.

"ಈಕೆಯನ್ನ ನಾನು ಕೆಲಸದಿಂದ ತೆಗೆದಿದ್ದೆ. ಅದರ ಸಿಟ್ಟು ಇದು. ಗಂಡಭೇರುಂಡದ ಬೆಲೆ ಮೈಸೂರಿನವರಿಗೆ ಗೊತ್ತು. ನಿಜಾಮನ ಸೀಮೆಯಲ್ಲಿ ಹುಟ್ಟಿದವರಿಗೆ ಹೇಗೆ ಗೊತ್ತಾಗಬೇಕು?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಕೂತ್ಕೊಳ್ರಮ್ಮ, ಹಬ್ಬದ ದಿನ ಇದೆಲ್ಲ ಯಾಕೆ ಎಂದು ಇನ್ನೊಬ್ಬರು. ನಾಚಿಕೆಯಿಲ್ಲ ಎಂದು ಹೆಂಗಸಿನ ದನಿ. ಗುಲ್ಬರ್ಗದ ಕಡೆಯ ಸಂಗನಬಸಪ್ಪ ಡಾಕ್ಟರು ಮಾತ್ರ, "ಆಕಿ ಕೇಳಿದ್ದಕ್ಕ ಉತ್ತರ ಕೊಡ್ರಿ ಮೊದಲು" ಎಂದರು. ಅವರ ಮಾತು ಗದ್ದಲದಲ್ಲಿ ಮುಳುಗಿಹೋಯಿತು. ಶಿವಕ್ಕ ಗಂಡನ ಕಡೆ ನೋಡಿದಳು. ಕಟ್ಟರಿನ ಗುರುತನ್ನು ಮೊದಲು ಗುರುತಿಸಿದವನು ಅವನೇ. ಅವನು ಊಟದ ಕಾಗದದ ತಟ್ಟೆಯನ್ನು ನೋಡುತ್ತಾ ಕೂತಿದ್ದ.

ಮನೆಗೆ ಬರುವ ದಾರಿಯಲ್ಲಿ ರೇವಣಪ್ಪ ಕಾರನ್ನು ಹೈವೇಗೆ ಹತ್ತಿಸಿದ.

"ನೀವ್ ಯಾಕ ಬಾಯಿ ಬಿಡಲಿಲ್ಲ?" ಅವಳು ಕೇಳಿದಳು.

"ನಮ್ಮ ಕಂಪನ್ಯಾಗ ಈ ತಿಂಗಳು ನಲವತ್ತು ಮಂದಿನ್ನ ತೆಗದಾರ. ಅಲ್ಲಿ ಕುಂತವ್ರಾಗ ಮೂರು ಮಂದಿ ನಾಳೆ ನನಗ ನೌಕರಿ ಕೊಡ್ಸಬೇಕಾದವ್ರು. ನಿನಗ ಸತ್ಯ ಬೇಕು. ನನಗ ಮನಿ ನಡೀಬೇಕು."

"ಸತ್ಯ ಅಲ್ಲ," ಅಂದಳು ಶಿವಕ್ಕ. ಕಿಟಕಿಯಾಚೆ ಕಾರ್ಖಾನೆಗಳ ಖಾಲಿ ಪಾರ್ಕಿಂಗ್ ಜಾಗಗಳು ಒಂದಾದ ಮೇಲೊಂದು ಹಿಂದೆ ಸರಿಯುತ್ತಿದ್ದವು. "ಸತ್ಯಕ್ಕಂತ ನಾ ಎದ್ದೇನಿ ಅನ್ಕೊಬ್ಯಾಡ್ರಿ. ನಮ್ಮಪ್ಪಗ ಕಮ್ಮಾರ ಅಂದ್ರು. ಹಂಗ ಅನ್ನದಿದ್ರ ಚುಕ್ಕಿ ಅಳಸಿ ಗೆರಿ ಹಾಕ್ತಿದ್ನೋ ಏನೋ."

ಹಿಂದಿನ ಸೀಟಿನಿಂದ ಮಂಜರಿ, ಯಾಕೆ ಜಗಳವಾಡುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮರುದಿನ ಬೆಳಿಗ್ಗೆ ಶಿವಕ್ಕ ಮಿಸೆಸ್ ಹಾಲ್ವರ್ಸನ್ ಅವರಿಗೆ ತನಗೆ ಬರುವ ಇಂಗ್ಲಿಷಿನಲ್ಲಿ ಒಂದು ಪುಟದ ಕಾಗದ ಬರೆದು, ಜೇಡಿಯ ಅಚ್ಚನ್ನು ಹತ್ತಿಯಲ್ಲಿ ಸುತ್ತಿ ಜೊತೆಗಿಟ್ಟು ಪೋಸ್ಟ್ ಮಾಡಿದಳು. ಆರು ವಾರ ಉತ್ತರವಿಲ್ಲ. ಮೇ ತಿಂಗಳಲ್ಲಿ ಅವರ ಫೋನು ಬಂತು. ಬಾ ಎಂದಷ್ಟೇ ಹೇಳಿದರು.

ಲೈಬ್ರರಿಯಲ್ಲಿ ಆ ಮುದುಕಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಶಮಾದಾನ ಒಂದು ಪ್ರಯೋಗಾಲಯಕ್ಕೆ ಹೋಗಿ ಬಂದಿತ್ತು. ಹಕ್ಕಿಯ ಅಡಿಯ ಅಂಟು ಎರಡನೆಯ ಮಹಾಯುದ್ಧಕ್ಕೆ ಮೊದಲು ಲೋಕದಲ್ಲೇ ಇರದಿದ್ದ ಅಂಟು. ಹಕ್ಕಿಯ ಬೆಳ್ಳಿಯನ್ನು ಎತ್ತಿ ತೆಗೆದುಬಿಟ್ಟಿದ್ದರು.

"ನೀನು ಹೇಳಿದ್ದು ಸರಿ," ಎಂದಳು ಮಿಸೆಸ್ ಹಾಲ್ವರ್ಸನ್. "ಅದಕ್ಕೆ ಧನ್ಯವಾದ ಹೇಳುತ್ತೇನೆ ಎಂದುಕೊಂಡಿದ್ದರೆ ತಪ್ಪು. ನಿನಗೆ ಜನವರಿಯಲ್ಲೇ ಗೊತ್ತಿತ್ತು. ವಸ್ತು ನನ್ನದು. ನನ್ನ ಮನೆಯಲ್ಲಿ, ನನ್ನ ಬೆನ್ನ ಹಿಂದೆ, ನನ್ನ ಗಂಡನ ವಸ್ತುವಿಗೆ ನೀನು ಮಣ್ಣು ಮೆತ್ತಿದೆ. ಆಮೇಲೆ ನನ್ನನ್ನು ಬಿಟ್ಟು ನೀನು ಶೇಷಗಿರಿಗೆ ಹೇಳಿದೆ. ನನಗೆ ಅರ್ಥವಾಗದ ಭಾಷೆಯಲ್ಲಿ ನೂರು ಜನರ ಮುಂದೆ ಹೇಳಿದೆ. ಕೊನೆಗೆ ನನಗೆ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ.

"ನೀನು ನನಗೆ ಇಷ್ಟವಿಲ್ಲ," ಎಂದಳು ಮುದುಕಿ. "ಆದರೆ ಈಗ ಕಾಣುತ್ತಿರುವುದನ್ನು ಬರೆಯಬಲ್ಲವರು ಬೇರೆ ಯಾರೂ ಇಲ್ಲ. ಕೂತುಕೊ, ಬರೆ."

ಹಕ್ಕಿ ಹೋದ ಜಾಗದಲ್ಲಿ ಕಟ್ಟರು ತಿಂದು ಉಳಿಸಿದ ಹಳೆಯ ಕೊರೆತ ಅಲ್ಲಲ್ಲಿ ಇತ್ತು. ಕಾಲು ಮಡಿಸಿ ಕೂತವನೊಬ್ಬನ ಮೊಣಕಾಲು. ಒಂದು ಕೈ, ಕೈಯಲ್ಲಿ ಬಟ್ಟಲಿನ ಅರ್ಧ. ಮುಖ ಪೂರ್ತಿ ಹೋಗಿತ್ತು. ಹಕ್ಕಿಯ ಎದೆ ಕೂರಿಸಲು ಅದನ್ನೇ ಆಳಕ್ಕೆ ಕೊರೆದಿದ್ದರು. ಶಿವಕ್ಕ ಮೂರು ದಿನ ಕೂತು ಇದ್ದಷ್ಟನ್ನು ಬರೆದಳು. ಮುಖವಿದ್ದಲ್ಲಿ ಏನನ್ನೂ ಬರೆಯಲಿಲ್ಲ. ಹೊರಡುವಾಗ ಮಿಸೆಸ್ ಹಾಲ್ವರ್ಸನ್ ಬಾಗಿಲವರೆಗೆ ಬರಲಿಲ್ಲ.

ಶೇಷಗಿರಿ ಪ್ಲಿಮತ್ತಿನ ಮನೆಗೆ ಬಂದದ್ದು ನವೆಂಬರಿನ ಒಂದು ಶನಿವಾರ ಮಧ್ಯಾಹ್ನ, ಮುಂಚೆ ಫೋನ್ ಕೂಡ ಮಾಡದೆ. ಪ್ರಯೋಗಾಲಯದ ಸುದ್ದಿ ಅವರಿಗೂ ತಲುಪಿತ್ತು; ಎಂಟು ತಿಂಗಳಲ್ಲಿ ಮುಖ ಇಳಿದುಹೋಗಿತ್ತು. ರೇವಣಪ್ಪ ಬನ್ನಿ ಎಂದು ಒಳಗೆ ಕರೆದು, ಚಹಾ ಮಾಡಲು ತಾನೇ ಅಡಿಗೆಮನೆಗೆ ಹೋದ. ಶಿವಕ್ಕ ನಿಂತೇ ಇದ್ದಳು.

"ಪುಸ್ತಕ ಬರಬೇಕು," ಎಂದರು ಶೇಷಗಿರಿ. "ಶಮಾದಾನ ಇಲ್ಲದೇನೇ ಬರುತ್ತೆ. ಆ ಎಂಬತ್ತಾರು ಚಿತ್ರ ನಿಮ್ಮ ಹತ್ರ ಇವೆ."

"ಹೌದು, ಅವ."

"ಕೊಡಬೇಕು."

"ನನ್ನ ಹೆಸರು ಹಾಕ್ತೀರೇನ್ರಿ?"

"ಮುನ್ನುಡಿಯಲ್ಲಿ ಸಹಾಯಕರು ಅಂತ ಎಲ್ಲರ ಜೊತೆ ಬರುತ್ತೆ."

"ನನ್ನ ಹೆಸರು ಏನು, ಹೇಳ್ರಿ."

ಶೇಷಗಿರಿ ಅವಳ ಮುಖ ನೋಡಿದರು. ಅವರಿಗೆ ಗೊತ್ತಿತ್ತೋ ಇಲ್ಲವೋ ಅವಳಿಗೆ ಕೊನೆಗೂ ತಿಳಿಯಲಿಲ್ಲ. ಅವರು ಹೇಳಲಿಲ್ಲ.

"ಮೊದಲ ಪುಟದಾಗ ಬರಬೇಕು, ಚಿತ್ರ ಬರ್ದಾಕಿ ಶಿವಕ್ಕ ಅಂತ," ಅಂದಳು. "ಇನ್ನೊಂದು. ಆ ಹಕ್ಕಿ ಹೊಸಾದು ಅಂತ ಒಂದು ಸಾಲು. ಬೀದರಿನ ಬಿದರಿ ಕೆಲಸದವರ ಮಗಳು ಅದನ್ನ ಕಂಡಳು ಅಂತ ಇನ್ನೊಂದು ಸಾಲು. ಅಷ್ಟು ಬರ್ದ ದಿವಸ ಎಂಬತ್ತಾರೂ ನಿಮ್ಮ ಮನೀಗಿ ತಂದು ಕೊಡ್ತೀನಿ."

"ಅಷ್ಟು ಬರೆದರೆ ನಾನು ಉಳೀತೀನಾ?"

"ಅದು ನನಗ ಗೊತ್ತಿಲ್ರಿ."

ಅಡಿಗೆಮನೆಯಲ್ಲಿ ಚಮಚದ ಸದ್ದು ನಿಂತಿತು. ಶೇಷಗಿರಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನೆಲ ನೋಡಿದರು.

"ಆ ವ್ಯಾಪಾರಿಗೆ ಲೇಖನ ಕಳಿಸಿದ್ದು ನಾನೇ," ಎಂದರು. "ಚೆನ್ನಾಗಿದೆ ಅಂತ ಕೇಳಿದ್ದೇವೆ, ಒಂದು ಪ್ರತಿ ಕಳಿಸಿ ಅಂತ ಕಾಗದ ಬರೆದಿದ್ದ. ಯಾರೂ ಓದದ ಲೇಖನ ಅದು. ಒಬ್ಬ ಕೇಳಿದನಲ್ಲಾ ಅಂತ ಖುಷಿಯಾಗಿತ್ತು." ತಲೆ ಎತ್ತಿದರು. "ನಿಮಗೆ ಈಗ ಸಂತೋಷವಾಗಿರಬೇಕು."

ಇಲ್ಲ ಎನ್ನುವುದು ಸುಲಭವಿತ್ತು. ಮನೆಗೆ ಬಂದವರಿಗೆ ಹಾಗೆ ಹೇಳುವುದೇ ರೂಢಿ. ಕರುಣೆ ಬರುತ್ತದೇನೋ ಎಂದು ಶಿವಕ್ಕ ಒಂದು ಕ್ಷಣ ಕಾದಳು. ಬರಲಿಲ್ಲ.

"ಹೌದ್ರಿ," ಅಂದಳು. "ಆಗೇದ."

ಶೇಷಗಿರಿ ಟೋಪಿ ಹಾಕಿಕೊಂಡು ಎದ್ದರು. ರೇವಣಪ್ಪ ಎರಡು ಕಪ್ಪು ಚಹಾ ಹಿಡಿದು ಬರುವಷ್ಟರಲ್ಲಿ ಅವರ ಕಾರು ಬಡಾವಣೆಯ ತಿರುವಿನಲ್ಲಿತ್ತು. ರೇವಣಪ್ಪ ಒಂದು ಕಪ್ಪನ್ನು ಹೆಂಡತಿಯ ಮುಂದಿಟ್ಟು, ಆ ದಿನ ಹಾಲಿನಲ್ಲಿ ತಾನು ಏಳಬೇಕಾಗಿತ್ತು ಎಂದ. ಹೌದು, ಏಳಬೇಕಾಗಿತ್ತು, ಎಂದಳು ಅವಳು. ಅದಕ್ಕಿಂತ ಹೆಚ್ಚು ಆ ವಿಷಯ ಅವರ ನಡುವೆ ಮತ್ತೆ ಬರಲಿಲ್ಲ.

ಪುಸ್ತಕ 1976ರಲ್ಲಿ ಬಂತು. ಚಿತ್ರವಿರಬೇಕೆಂಬ ಷರತ್ತು ಹಿಡಿದಿದ್ದ ಮಿಸೆಸ್ ಹಾಲ್ವರ್ಸನ್ ಅಷ್ಟರಲ್ಲಿ ಶೇಷಗಿರಿಯವರನ್ನೇ ಕೈಬಿಟ್ಟು ತಮ್ಮ ವಸ್ತುಗಳನ್ನು ಕೊಡದಿದ್ದರಿಂದ ಅದು ಬೇರೆಡೆಯ ವಸ್ತುಗಳ ಫೋಟೋಗಳೊಡನೆ ತೆಳ್ಳಗೆ ಬಂತು. ಎರಡು ತಲೆಯ ಹಕ್ಕಿಯ ಅಧ್ಯಾಯ ಅದರಲ್ಲಿರಲಿಲ್ಲ. ಎಂಬತ್ತಾರು ಚಿತ್ರಗಳು ಶಿವಕ್ಕನಲ್ಲೇ ಉಳಿದವು. ಕೂಟದವರು ಒಂದೂವರೆ ವರ್ಷ ಶಿವಕ್ಕನನ್ನು ಕರೆಯಲಿಲ್ಲ; ಆಮೇಲೆ ಏನೂ ಆಗಿಲ್ಲವೆಂಬಂತೆ ಕರೆದರು, ನಾಟಕದ ಪರದೆ ಬರೆದುಕೊಡಲು. ಬೇರೆಯವರನ್ನು ನೋಡಿಕೊಳ್ಳಿ ಎಂದು ಅವಳು ಫೋನಿಟ್ಟಳು.